ಏಳು

ಹುಡುಗ ಎಳೆಯ. ಮೀಸೆ ಈಗಷ್ಟೇ ಚಿಗುರಿದೆ.
ಬಾಗಿಲು ತೆರೆದೊಡನೆ ನನ್ನ ಹೆಸರನ್ನು
ಮೂರು ತುಂಡು ಮಾಡಿ ಓದಿದ: ನೀಲಾ. ಗಂಗಾ. ಹೋಂಬಲ್.
ಹೌದು ಅಂದೆ. ಲಕೋಟೆ ಕೊಟ್ಟು 'ಸಾರಿ ಮೇಡಂ' ಅಂದ.
ಸೆಕೆ ಇತ್ತು. ಬೆಲ್ಲ ಇರಲಿಲ್ಲ, ಬರೀ ನೀರು ಕೊಟ್ಟೆ.
ಕುಡಿದು, ಗ್ಲಾಸನ್ನು ಎರಡೂ ಕೈಲಿ ಹಿಂದಿರುಗಿಸಿದ.

ಟೊಲೀಡೊ ನಗರದ ಮುನಿಸಿಪಲ್ ಕೋರ್ಟು.
ವಾದಿ: ನಾನೆಂದೂ ಹೆಸರು ಕೇಳದ ಒಂದು ಕಂಪನಿ.
ಪ್ರತಿವಾದಿ: ನಾನು.
ಇಪ್ಪತ್ತೆಂಟು ದಿನದೊಳಗೆ ಉತ್ತರ ಕೊಡದಿದ್ದರೆ
ನನ್ನ ಮೌನವೇ ನನ್ನ ಒಪ್ಪಿಗೆ.
ಮದುವೆಯಲ್ಲೂ ಹೀಗೇ ಆಗಿತ್ತು.

ಈರಣ್ಣ ಕಾಗದವನ್ನು ಹಿಂದೆ ಮುಂದೆ ತಿರುವಿ
'ಇವ್ರು ಯಾರು? ಇವ್ರ ಕಡೆ ನಾವೇನೂ ಇಸಗೊಂಡಿಲ್ಲಲ್ಲ' ಅಂದರು.
ಮಾರಿಬಿಟ್ಟಿದ್ದಾರಂತೆ. ನಮ್ಮ ಸಾಲವನ್ನು
ಬ್ಯಾಂಕು ಗುಜರಿಯವನಿಗೆ ತೂಕಕ್ಕೆ ಹಾಕಿದೆ,
ಡಾಲರಿಗೆ ನಾಲ್ಕು ಸೆಂಟಿನಂತೆ.
ನಾಲ್ಕು ಸೆಂಟಿಗೇ ಬಿಡೋದಾಗಿದ್ದರೆ
ನಮ್ಮನ್ನೇ ಒಂದು ಮಾತು ಕೇಳಬಹುದಿತ್ತು.

ಬೆಟಗೇರಿಯಲ್ಲಿ ಅಪ್ಪನ ಉದ್ರಿ ಇದ್ದದ್ದು
ಹಂಪಣ್ಣ ಶೆಟ್ಟರ ಅಂಗಡಿಯಲ್ಲಿ.
ಸಂಜೆ ಬಂದು ಕಟ್ಟೆಯ ಮೇಲೆ ಕೂತು
ಚಹಾ ಕುಡಿದು, ಎಮ್ಮೆಯ ಕ್ಷೇಮ ವಿಚಾರಿಸಿ,
ಏಳುವಾಗ, ಕಾಲಲ್ಲಿ ಚಪ್ಪಲಿ ಹುಡುಕುತ್ತ
'ಮತ್ತ... ಅದು?' ಅನ್ನುತ್ತಿದ್ದರು.
ಆ ಎರಡಕ್ಷರಕ್ಕೆ ಅಪ್ಪನ ಕಿವಿ ಕೆಂಪಾಗುತ್ತಿತ್ತು.
ಇಲ್ಲಿ ಕೇಳುವವನಿಗೆ ಚಪ್ಪಲಿ ಇಲ್ಲ, ಮುಖವೂ ಇಲ್ಲ.
ಬೆಳಿಗ್ಗೆ ಎಂಟಕ್ಕೆ ಹಿಡಿದ ಫೋನು
ರಾತ್ರಿ ಒಂಬತ್ತಕ್ಕೆ ಬಿಡುತ್ತದೆ.

ಏನು ತಿಂದಿರಿ ಅಷ್ಟು ದುಡ್ಡಲ್ಲಿ?
ತಿಂದದ್ದಲ್ಲ. ಹೊಲಿಗೆ ಅಂಗಡಿಯ ಬಾಡಿಗೆ,
ಮದುವೆಗಳೇ ನಿಂತುಹೋದ ವರ್ಷ, ಒಂಬತ್ತು ತಿಂಗಳು.
ಯಾರೂ ಒಯ್ಯಲು ಬಾರದ ಹದಿನಾಲ್ಕು ಬಿಳಿ ಗೌನು.
ಆಮೇಲೆ ಈರಣ್ಣನ ಪಿತ್ತಕೋಶ.
ಆಮೇಲೆ ಒಂದು ಕಾರ್ಡು ತೀರಿಸಲು ಇನ್ನೊಂದು ಕಾರ್ಡು,
ತೂತು ಕೊಡದಿಂದ ತೂತು ಕೊಡಕ್ಕೆ ಸುರಿದಂತೆ;
ಒದ್ದೆಯಾದದ್ದು ನನ್ನ ಕಾಲು ಮಾತ್ರ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಿರಿ, ಅತ್ತೆ.
ಹಾಸಿಗೆಯೇ ಕಾರ್ಡಿನಲ್ಲಿ ಬಂದದ್ದು.

ಗುರುವಾರ, ಚರ್ಚಿನ ನೆಲಮಾಳಿಗೆ. ಪುಕ್ಕಟೆ ವಕೀಲರು.
ಡೊರೀನ್ ಕೊವಾಲ್ಸ್ಕಿ. ಕನ್ನಡಕಕ್ಕೆ ದಾರ,
ಸ್ವೆಟರಿನ ಮೊಣಕೈಗೆ ತೇಪೆ. ತೇಪೆ ಸರಿಯಾಗಿ ಕೂತಿರಲಿಲ್ಲ,
ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.
'ಅಧ್ಯಾಯ ಏಳು' ಅಂದಳು, 'ಇಲ್ಲವೇ ಹದಿಮೂರು.
ಹದಿಮೂರಾದರೆ ವರ್ಷಗಟ್ಟಲೆ ಕಟ್ಟುತ್ತ ಹೋಗಬೇಕು.
ಏಳರಲ್ಲಿ ಬೇಗ ಮುಗಿಯುತ್ತದೆ.'

ಒಳಗೊಳಗೇ ಕನ್ನಡಕ್ಕೆ ಹಾಕಿಕೊಂಡೆ.
ಅಧ್ಯಾಯ. ಏಳು.
ಬೆಳಿಗ್ಗೆ ಅವ್ವ ಚಾದರ ಎಳೆದು ಅನ್ನುತ್ತಿದ್ದ ಏಳು.
ಬಿದ್ದ ಕೂಸಿಗೆ ಅನ್ನುವ ಏಳು.
ಪಂಕ್ತಿಯಲ್ಲಿ ಕೂತವರನ್ನು, ಎಲೆ ಹಾಕಿದ ಮೇಲೆ,
ರಟ್ಟೆ ಹಿಡಿದು ಎಬ್ಬಿಸುವ ಏಳು.
ಇದು ಯಾವ ಏಳು, ಡೊರೀನಕ್ಕಾ?

ಆಮೇಲೆ ಪಟ್ಟಿ. ಮನೆಯ ಪ್ರತಿ ವಸ್ತು,
ಇವತ್ತು ಮಾರಿದರೆ ಎಷ್ಟು.
ಸೋಫಾ, ನಲವತ್ತು. ರೊಟ್ಟಿ ಹಂಚು, ಎರಡು.
ಹೊಲಿಗೆ ಯಂತ್ರ, 'ಅದು ನಿನ್ನ ದುಡಿಮೆಯ ಸಾಧನ, ಉಳಿಸಿಕೊಳ್ಳಬಹುದು.'
ತಾಳಿಯನ್ನು ಬರೆದುಕೊಂಡಳು, ಗ್ರಾಂ ಕೇಳಿ.
'ಕೊರಳಲ್ಲಿ ಇನ್ನೊಂದಿದೆಯಲ್ಲ, ಬೆಳ್ಳಿಯದು?'
ಕರಡಿಗೆ ಅಂದೆ. ಮೂವತ್ತು ಗ್ರಾಂ ಇದ್ದೀತು.
'ಒಳಗೆ?'
ಏನೆಂದು ಹೇಳಲಿ. ಕಲ್ಲು ಅಂದೆ.
'ಅದರ ಬೆಲೆ?'
ಈರಣ್ಣ ನನ್ನ ಮುಖ ನೋಡಿದರು, ನಾನು ಅವರದು.
ಕೊನೆಗೆ ಅವಳೇ ಪೆನ್ನಿನ ತುದಿ ಕಚ್ಚಿ
ಒಂದು ಸೊನ್ನೆ ಬರೆದಳು, ದುಂಡಗೆ.

ಸಹಿ ಇನ್ನೂ ಮಾಡಿಲ್ಲ.
ಕಾಗದ ಅಡುಗೆಮನೆ ಮೇಜಿನ ಮೇಲಿದೆ,
ಹಾರದಂತೆ ಕತ್ತರಿ ಇಟ್ಟಿದ್ದೇನೆ.
ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಕಳೆದವು.
ನಾಳೆ ಒಬ್ಬಳು ಬರುತ್ತಾಳೆ,
ಮದುವೆ ಗೌನಿನ ಸೊಂಟ ಹಿಡಿಸಲು.
ಕಾರ್ಡು ತಗೋತೀರಾ ಎಂದು ಫೋನಿನಲ್ಲಿ ಕೇಳಿದಳು.
ತಗೋತೀನಿ ಅಂದೆ.