ವಂತಿಗೆ ಪುಸ್ತಕ

ಕಾಲೇಜಿನ ಅರ್ಜಿಯನ್ನು ಹದಿನಾರು ಸಲ ನಕಲು ಮಾಡಿದ್ದು ನಾನು.
ಇಂಗ್ಲಿಷಿನಲ್ಲಿ. ಕೊನೆಯ ಸಾಲು ಬೆರಳಿಗೇ ಬಾಯಿಪಾಠ:
ತಮ್ಮ ಅತಿ ವಿಧೇಯ ಸೇವಕರಾಗಿರಲು ಅಪ್ಪಣೆ ಬೇಡುತ್ತೇವೆ.
ಸೇವಕರಾಗಲಿಕ್ಕೂ ಅಪ್ಪಣೆ ಬೇಕಾ ಎಂದದ್ದಕ್ಕೆ
ವಕೀಲ ಉಪೇಂದ್ರ ಮಲ್ಯರು ಕನ್ನಡಕದ ಮೇಲಿಂದ ನೋಡಿ
"ನೀನು ಬರಿ ಮಾರಾಯ" ಎಂದರು.

ಮದರಾಸಿನಿಂದ ಬಂದದ್ದು ಅರ್ಧ ಪುಟ:
ಊರವರು ಇಪ್ಪತ್ತು ಸಾವಿರ ಕೂಡಿಸಿದಲ್ಲಿ
ಸರಕಾರ ಅಷ್ಟೇ ಕೊಡುವುದನ್ನು ಆಲೋಚಿಸೀತು.
ಕೊಡುತ್ತದೆ ಎಂದಲ್ಲ.
ಆಲೋಚಿಸೀತು.
ಆ ಒಂದು ಕ್ರಿಯಾಪದದ ಹಿಂದೆ
ಕೊಡೆ ಬಿಡಿಸಿ ಹೊರಟೆವು ಮೂವರು:
ಮಲ್ಯರು, ಶಾಲೆಯ ಇಗ್ನಾಸ್ ಮಾಸ್ತರು, ಪುಸ್ತಕ ಹೊತ್ತ ನಾನು.

ಬಂದರಿನಲ್ಲಿ ಬಾವುಂಞಿ ಸಾಹುಕಾರರು
ಅಕ್ಕಿಮುಡಿಗೆ ಒರಗಿ ಕೇಳಿದರು:
"ಈ ಬಿ.ಎ. ಎಂಬುದು ಇಲ್ಲಿಂದ ಎಷ್ಟು ಮೈಲು?"
ಕಲ್ಲಿಕೋಟೆಯ ತನಕ ಹಡಗು, ಅಲ್ಲಿಂದ ರೈಲು,
ದಾರಿಯಲ್ಲಿ ವಾಂತಿ ಎಷ್ಟು ಸಲ, ಎಲ್ಲ ಹೇಳಿದರು ಮಾಸ್ತರು.
"ಹಾಗಾದರೆ ಅಷ್ಟೂ ಮೈಲನ್ನು ಇಲ್ಲಿ ಇಳಿಸುವುದು!"
ನಕ್ಕು ಇನ್ನೂರು ಬರೆಸಿದರು.
ಅಮಿನಿಯ ಮಂಜಿ ಆ ತಿಂಗಳೇ ಮುಳುಗಿತು.
ಹಣ ಮಾತ್ರ ಹೇಳಿದ ದಿನ ಬಂತು.

ಹೊಳೆಯಾಚೆಯ ಪಟೇಲರದ್ದು ಐನೂರು, ಎರಡು ಷರತ್ತು.
ಕಲ್ಲಿನಲ್ಲಿ ಅವರ ಹೆಸರು ದಾಯಾದಿಯ ಹೆಸರಿಗಿಂತ ಮೇಲೆ.
ಇನ್ನೊಂದು,
ನಮ್ಮಂಥವರ ಬೆಂಚು ಎಷ್ಟು ಮೊಳ ದೂರ ಎಂಬುದು.
ಮಲ್ಯರು ಕೆಮ್ಮಿದರು.
"ಮೂರು ಮೊಳ" ಎಂದು ನಾನೇ ಬರೆದುಕೊಂಡೆ,
ದುಂಡಗೆ, ಶಾಯಿ ಚೆಲ್ಲದ ಹಾಗೆ.

ಹೀಗೆ ಎರಡು ವರ್ಷ. ಎರಡು ಜೊತೆ ಚಪ್ಪಲಿ.
ಕೂಡಿದ್ದು ಹತ್ತೊಂಬತ್ತು ಸಾವಿರದ
ಎಂಟುನೂರ ಎಂಬತ್ತೇಳು ರೂಪಾಯಿ ಎಂಟಾಣೆ.

ಆಗ ಹಂಚಿನ ಕಾರ್ಖಾನೆಯ ದೊರೆ
ಒಂದು ಗೋಣಿ ತುಂಬ ಚಿಲ್ಲರೆ ಕಳಿಸಿದ:
ನೂರ ಹನ್ನೆರಡು ರೂಪಾಯಿ ಎಂಟಾಣೆ.
ಜೊತೆಗೊಂದು ಚೀಟಿ. "ಒಂಬೈನೂರು ಆಳುಗಳು
ಸ್ವಸಂತೋಷದಿಂದ, ತಲೆಗೆ ಎರಡಾಣೆ."
ಮಾಸ್ತರು ಎದ್ದು ನಿಂತು ಕಣ್ಣೊರೆಸಿಕೊಂಡರು.
ಸ್ವಸಂತೋಷ ಎಂಬುದನ್ನು ನಾನು ಕಲಂ ಆರಕ್ಕೆ ಇಳಿಸಿದೆ.

ಆ ಶನಿವಾರ ಗಂಜಿಗೆ ಬಂಗುಡೆ ಇರಲಿಲ್ಲ.
ತಂಗಿ ಕೊರಪೊಲು ಉಗುರಿನ ಮಣ್ಣು ಕೆರೆಯುತ್ತ ಕೇಳಿದಳು,
"ಬಟವಾಡೆಯಲ್ಲಿ ಎರಡಾಣೆ ಹಿಡಿದರು.
ಎಂತಕ್ಕೆ ಅಂತ ನಿನಗೆ ಗೊತ್ತುಂಟಾ ಅಣ್ಣಾ?
ನೀನು ಓದಿದವ."
ಪುಸ್ತಕ ಚಾಪೆಯಡಿ ಇತ್ತು.
ಅದರ ಮೇಲೆಯೇ ಕೂತಿದ್ದೆ.
ಉಪ್ಪು ಕೇಳಿದೆ.

ಸರಕಾರ ಆಲೋಚಿಸಿತು. ಕಟ್ಟಡ ಎದ್ದಿತು.
ನೂರು ಕೊಟ್ಟವರಿಗೆಲ್ಲ ಕಲ್ಲಿನಲ್ಲಿ ಜಾಗ.
ಒಂಬೈನೂರು ಮಂದಿ ಸೇರಿದರೆ ಒಂದು ಹೆಸರಾಗುವುದಿಲ್ಲವಂತೆ,
ಕಮಿಟಿ ನಿರ್ಣಯ. ಅದನ್ನು ಬರೆದದ್ದೂ ನನ್ನ ಅಕ್ಷರ.

ಈಗ ಅಲ್ಲಿಯೇ ಫೀಸು ಬರೆಯುತ್ತೇನೆ.
ಮೊನ್ನೆಯ ಗಾಳಿಗೆ ಒಂದು ಹಂಚು ಜಾರಿ ಜಗಲಿಗೆ ಬಿತ್ತು,
ಒಡೆಯಲಿಲ್ಲ.
ಮಗುಚಿದೆ. ಕಂಪೆನಿಯ ಹೆಸರು, ಇಸವಿ,
ಮೂಲೆಯಲ್ಲಿ ಹಸಿಯಲ್ಲೇ ಒತ್ತಿದ ನಾಲ್ಕು ಬೆರಳು.
ಸಣ್ಣ ಕೈ. ಯಾರದ್ದೂ ಆಗಿರಬಹುದು.
ಗುಮಾಸ್ತನ ಚಾಳಿ ನೋಡಿ,
ಬೆರಳಿಗೆ ಅರ್ಧಾಣೆಯಂತೆ ಕೂಡಿಸಿಯೇಬಿಟ್ಟೆ.