ನಿಮ್ಮ ವಿಷಯ ಯಾವುದು?

ಪಣಜಿಯ ತಣ್ಣನೆ ಹಾಲಿನಲ್ಲಿ, ಚಹಾದ ಬಿಡುವಿಗೆ
ಕೊರಳಿಗೆ ಚೀಟಿ ನೇತುಹಾಕಿಕೊಂಡವರೊಬ್ಬರು ಕೇಳಿದರು:
ಮಕ್ಕಳೋ? ಕುಡಿತವೋ? ಮನೋರೋಗವೋ?
ನಿಮ್ಮ ವಿಷಯ ಯಾವುದು?
ನನ್ನ ಬಿಸ್ಕತ್ತು ಮುರಿದು ಕಪ್ಪಿಗೆ ಬಿತ್ತು.
ಚಮಚ ಹುಡುಕುತ್ತ ತಪ್ಪಿಸಿಕೊಂಡೆ.

ಹಿಂದಿನ ವಾರ ಜುವಾರಿನಗರದ ಏರಿನಲ್ಲಿ
ಸೋಮ್ಲವ್ವನ ಬಾಗಿಲು ತಟ್ಟಿದ್ದು
ಮಗಳು ಒಂಬತ್ತು ದಿನ ಶಾಲೆಗೆ ಬಂದಿಲ್ಲವೆಂದು.
ಅಷ್ಟೇ. ಫಾರ್ಮಿನಲ್ಲಿ ಒಂದೇ ಗೆರೆ.

"ಟ್ಯಾಂಕರ್ ಹೊತ್ತಲ್ಲದ ಹೊತ್ತಿಗೆ ಬರ್ತದ ಅಕ್ಕಾರ,
ಪಾಳಿಗೆ ಆಕಿನ ನಿಲ್ಲಬೇಕು. ನಾ ನಿಂತ್ರ ಕೂಲಿ ಹೋತು.
ಅವರಪ್ಪ ನಿಂತ್ರ..."
ಮಾತು ಅಲ್ಲಿಗೆ ಕಡಿಯಿತು.
ಚಾದರದೊಳಗಿಂದ ಕೆಮ್ಮು ಅದನ್ನು ಮುಗಿಸಿತು.
ಒಡೆದ ಕಿಟಕಿಗೆ ಗಂಡನ ಎದೆಯ ಎಕ್ಸ್‌ರೇ ಹಚ್ಚಿದ್ದಳು;
ಪಕ್ಕೆಲುಬಿನ ಸಂದಿ ಹಿಡಿದು ಬೆಳಕು ಒಳಗೆ ಬರುತ್ತಿತ್ತು.

ಹೊಲಿಗೆ ಬಿಟ್ಟ ದಾರ ಎಳೆದಂತಾಯಿತು.
ಶಾಲೆ ಎಳೆದೆ, ಕೊಡ ಬಂತು.
ಕೊಡದ ಹಿಂದೆ ಗುಳಿಗೆ; ಗುಳಿಗೆ ದಕ್ಕಲು ಹೊಟ್ಟೆಗೆ ಅನ್ನ,
ಅನ್ನಕ್ಕೆ ಕಾರ್ಡು, ಕಾರ್ಡಿಗೆ ವಿಳಾಸ,
ವಿಳಾಸಕ್ಕೆ ಮನೆಯೊಡತಿ ಫಿಲೊಮಿನಾಳ ಸಹಿ.
"ಸಹಿ ಹಾಕಿದರೆ ನಾಳೆ ಮನೆಯೇ ತಮ್ಮದು ಅಂತಾರೆ" ಎಂದಳು.
ಎಂದವಳೇ ಕುರ್ಚಿ ಎಳೆದು, ಊದಿದ ಮೊಣಕಾಲು ತೋರಿಸಿದಳು.
ಐದು ತಿಂಗಳಿಂದ ಅವಳ ಪಿಂಚಣಿ ಬಂದಿರಲಿಲ್ಲ.
ಅದನ್ನೂ ಬರೆದುಕೊಂಡೆ, ಗೆರೆಯ ಹೊರಗೆ, ಅಂಚಿನಲ್ಲಿ.

ಸಂಜೆ ಟ್ಯಾಂಕರಿಗೆ ಕಾದ ಏಳು ಹೆಂಗಸರ ನಡುವೆ
ಖಾಲಿ ಡಬ್ಬ ಬೋರಲು ಹಾಕಿ ಕೂತೆ.
ಸಭೆ ಎಂದು ಯಾರೂ ಅನ್ನಲಿಲ್ಲ.
ಅರ್ಜಿ ನಾನು ಬರೆದೆ, ಹುಸೇನಬಿ ತಿದ್ದಿದಳು:
"ದಯವಿಟ್ಟು ಒಂದ ಸಾಕ್ರಿ. ಮೂರು ಬ್ಯಾಡ."
ಸೋಮವಾರವೂ ಟ್ಯಾಂಕರ್ ರಾತ್ರಿಯೇ ಬಂತು.
ಮಂಗಳವಾರ ಬರಲೇ ಇಲ್ಲ.

ಏರು ಹತ್ತುವಾಗ ಹುಡುಗಿ ಕೇಳಿದ್ದಳು:
"ನೀವು ಟೀಚರಾ? ನರ್ಸಾ? ಪೊಲೀಸಾ?"
ಡ್ರಮ್ಮಿನ ಒಂದು ಹಿಡಿಕೆ ಅವಳ ಕೈಲಿ,
ಇನ್ನೊಂದು ನನ್ನ ಕೈಲಿ.
ಉಸಿರು ಸಿಕ್ಕ ಮೇಲೆ ಹೇಳುತ್ತೇನೆ ಎಂದಿದ್ದೆ.
ನೀರು ಚೆಲ್ಲಿ ಇಬ್ಬರ ಚಪ್ಪಲಿಯೂ ಜಾರುತ್ತಿತ್ತು.

ಚಮಚ ಸಿಕ್ಕಿತು. ಅವರು ಅಲ್ಲೇ ನಿಂತಿದ್ದರು.
ನನ್ನ ಚೀಲದಲ್ಲಿ ಫಿಲೊಮಿನಾಳ ಪಾಸ್‌ಬುಕ್,
ಅರ್ಜಿಯ ನಕಲು, ಹುಡುಗಿಯ ಕೈಬರಹದ ರಜಾಚೀಟಿ.
"ಜುವಾರಿನಗರ, ಮೂರನೇ ಏರು" ಎಂದೆ.
"ಅದು ವಿಷಯವಲ್ಲ," ನಕ್ಕರು, "ವಿಳಾಸ."
ಹೌದು ಎಂದೆ.
ಕಾರ್ಡಿಗೆ ಬೇಕಾದದ್ದೂ ಅದೇ.