ನಾಲೆಯಷ್ಟು ಅಗಲ

ಬಿಳಿ ನಿಲುವಂಗಿ ಮಡಿಸಿ, ನಡುವೆ ನುಸಿಗುಳಿಗೆ ಇಟ್ಟು
ಟ್ರಂಕಿನ ತಳಕ್ಕೆ ಹಾಕಿ ಮೂರು ವರ್ಷ.
ಆದರೂ ಭಾನುವಾರ, ಕೊನೆಯ ಬೆಂಚಿನಲ್ಲಿ,
ಹೊಸ ಅಯ್ಯನವರು ಆಶೀರ್ವಾದಕ್ಕೆ ಕೈ ಎತ್ತುವ ಹೊತ್ತಿಗೆ
ನನ್ನ ಬಲಗೈಯೂ ತೊಡೆಯಿಂದ ಒಂದು ಗೇಣು ಏಳುತ್ತದೆ.
ಹೆಂಗಸರ ಸಾಲಿನಿಂದ ಜೀವರತ್ನ ಕೆಮ್ಮುತ್ತಾಳೆ.
ಇಳಿಯುತ್ತದೆ.

ಬೆಳಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ಒಂದು ಸುತ್ತು.
ಡ್ರಾಯಿಂಗ್ ಮಾಸ್ತರು ಒಬ್ಬರು, ಹತ್ತಿಗಿರಣಿ ಮುಚ್ಚಿದ ಮೇಲೆ
ವಾಚು ರಿಪೇರಿ ಕಲಿತ ದಾದಾಪೀರ್ ಸಾಬರು, ನಾನು.
ಸಕ್ಕರೆ ಕಾಯಿಲೆ ಕೂಡಿಸಿದ ಸಭೆ.
"ಅಯ್ನೋರೆ, ಪ್ರಾರ್ಥನೆ ಮಾಡಿದ್ರೆ ಇಳೀತದಾ ಶುಗರು?"
"ನಡೆದ್ರೆ ಇಳೀತದೆ. ಪ್ರಾರ್ಥನೆ, ನಾಳೆನೂ ನಡೆಯೋಕೆ."
ಮೂವತ್ನಾಲ್ಕು ವರ್ಷ ಪ್ರಸಂಗ ಮಾಡಿದವನು
ಇಷ್ಟು ಚಿಕ್ಕದನ್ನು ಒಮ್ಮೆಯೂ ಹೇಳಿರಲಿಲ್ಲ.

ಆ ಮೂವತ್ನಾಲ್ಕರಲ್ಲಿ ಅರ್ಧ ಲೂನಾದ ಮೇಲೆ.
ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯ ಹಳ್ಳಿಗಳು,
ಹಿಂದೆ ಸಂಸ್ಕಾರದ ರೊಟ್ಟಿಯ ಡಬ್ಬಿ,
ಹ್ಯಾಂಡಲಿಗೆ ತೂಗುವ ಚೀಲದಲ್ಲಿ ಕಪ್ಪು ರಟ್ಟಿನ ಗ್ರಂಥ,
ಅದಕ್ಕೆ ಆತು ಗ್ರಂಥಾಲಯದ ಪತ್ತೇದಾರಿ ಕಾದಂಬರಿ.
ಪಂಕ್ಚರಾದಾಗ ಜಾಲಿಮರದ ಕೆಳಗೆ ಯಾವುದನ್ನು ತೆಗೆದೆನೆಂದು
ದೇವರು ಕೇಳಿದರೆ ಹೇಳುತ್ತೇನೆ, ನೀವು ಕೇಳಬೇಡಿ.
ಎರಡರಲ್ಲೂ ಮೊದಲ ಪುಟಗಳಲ್ಲೇ ಒಂದು ಕೊಲೆ,
ಕೊಂದವನ ಮುಂದೆ "ಎಲ್ಲಿ?" ಎಂಬ ಪ್ರಶ್ನೆ.

ಯೊರ್ದನ್ ಹೊಳೆಯನ್ನು ಮಾತ್ರ ನೋಡದೆಯೇ ಹೇಳುತ್ತಿದ್ದೆ,
ಎರಡೂ ಕೈ ಚಾಚಿ, ವೇದಿಕೆಯ ಈ ತುದಿಯಿಂದ ಆ ತುದಿಗೆ,
ನಡುವೆ ಭೋರ್ಗರೆವ ನೀರು.
ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.
ನಿವೃತ್ತಿಯ ವರ್ಷ ಸಭೆಯವರೇ ಹಣ ಕೂಡಿಸಿ ಕಳಿಸಿದರು.
ಮೊದಲ ವಿಮಾನ. ಅಲ್ಲಿ ಇಳಿದು ನೋಡಿದರೆ,
ನಮ್ಮ ಭದ್ರಾ ನಾಲೆ!
ಅಷ್ಟೇ ಅಗಲ. ಅದೇ ಬಗ್ಗಡದ ಬಣ್ಣ.
ಆಚೆ ದಡದಲ್ಲಿ ಬೇರೊಂದು ದೇಶ; ಅದರ ಸಿಪಾಯಿ ಆಕಳಿಸುತ್ತಿದ್ದ.
ಜೊತೆಯವರೆಲ್ಲ ಮುಳುಗಿ ಎದ್ದರು.
ನಾನು ಪ್ಯಾಂಟು ಮಡಿಸಿ ಮೊಳಕಾಲುದ್ದ ನಿಂತೆ,
ನಾಚಿಕೆ ಹೊಳೆಯದೋ ನನ್ನದೋ ತಿಳಿಯದೆ.

ಬಾಟಲಿಯಲ್ಲಿ ತಂದ ನೀರು ಆರು ತಿಂಗಳಿಗೆ ಪಾಚಿ ಕಟ್ಟಿತು.
"ಇದನ್ನೇನ್ ಮಾಡ್ಲಿ?" ಅಂದ ಜೀವರತ್ನ ಉತ್ತರಕ್ಕೆ ಕಾಯದೆ
ಕರಿಬೇವಿನ ಬುಡಕ್ಕೆ ಹೊಯ್ದಳು.
ಗಿಡ ಚೆನ್ನಾಗಿದೆ. ಪವಾಡವೇನಿಲ್ಲ,
ಮೀನು ತೊಳೆದ ನೀರೂ ಅದೇ ಬುಡಕ್ಕೇ.

ಮಲೇಬೆನ್ನೂರಿನ ಹತ್ತಿರ, ನಾಲೆ ಪಕ್ಕದ ಕೇರಿಯಲ್ಲಿ ಸತ್ಯಮ್ಮ.
ಹಾಸಿಗೆ ಹಿಡಿದಿದ್ದಳು. ನೋಡಲು ಹೋದೆ.
"ಎಷ್ಟಗಲ ಐತಿ ಅಯ್ನೋರೆ, ಆ ಹೊಳಿ?"
ಕೈಗಳು ಹಳೇ ರೂಢಿಗೆ ಚಾಚತೊಡಗಿದವು.
ಹಿಡಿದುಕೊಂಡೆ.
"ನಿಮ್ಮ ನಾಲೆಯಷ್ಟು, ಸತ್ಯಮ್ಮ."
ಬಹಳ ಹೊತ್ತು ಜಂತೆ ನೋಡುತ್ತ ಸುಮ್ಮನಿದ್ದಳು.
ಆಮೇಲೆ ಎಲೆಅಡಿಕೆಯ ಬಾಯಲ್ಲಿ ನಕ್ಕಳು.
"ಹಂಗಾರೆ ದಾಟಬೌದು ಬಿಡ್ರಿ.
ನಾಟಿ ಹಚ್ಚಾಕ ದಿನಾ ದಾಟತಿದ್ದೆ,
ತಲಿ ಮ್ಯಾಲೆ ಬುತ್ತಿ ಇಟ್ಕಂಡು."

ಅವಳು ಹೋದದ್ದು ನಾಲೆಗೆ ನೀರು ನಿಲ್ಲಿಸಿದ ತಿಂಗಳಲ್ಲಿ.
ಪಾದವೂ ನೆನೆಯಲಿಲ್ಲವೇನೋ.

ಈಗ ಸಂಜೆ. ಎಡಗಣ್ಣಿಗೆ ಪೊರೆ,
ಡಾಕ್ಟರು ದೀಪಾವಳಿ ಕಳೆಯಲಿ ಅಂದಿದ್ದಾರೆ.
ಆದರೂ ಮಂಡಕ್ಕಿ ಕಟ್ಟಿದ ಕಾಗದವನ್ನು ಓದದೆ ಎಸೆಯಲಾರೆ.
ಯಾರದೋ ಮಗುವಿನ ಕಾಪಿ ಪುಸ್ತಕ, ವಾಕ್ಯದ ನಡುವೆ ಹರಿದಿದೆ,
ಮೆಣಸಿನಕಾಯಿಯ ಎಣ್ಣೆ ಹೀರಿದ ಕಡೆಯೆಲ್ಲ
ಆಚೆ ಪುಟದ ಅಕ್ಷರಗಳು ಈಚೆ ಕಾಣುತ್ತವೆ,
ತಿರುಗುಮುರುಗಾಗಿ.
ದೀಪಕ್ಕೆ ಹಿಡಿದು ಕೂಡಿಸಿಕೊಳ್ಳುತ್ತಿದ್ದೇನೆ.
"ಓದಿದ್ದು ಸಾಕು," ಅನ್ನುತ್ತಾಳೆ ಜೀವರತ್ನ,
"ಆರಿ ಹೋಗ್ತಾವೆ, ತಿನ್ನಿ."